ತುದಿಗಾಲಿನ ಗಾಡಿ

ನನ್ನ ನಾದಿನಿಯ ಎತ್ತರದ ಬಗ್ಗೆ ಮಾತಾಡಿದ ಬಾಯಿಗಳೇ ನನ್ನ ದಪ್ಪದ ಬಗ್ಗೆಯೂ ಮಾತಾಡಿವೆ. ಅವಳು ಗಿಡ್ಡಿ, ನಾನು ಡುಮ್ಮಿ. ನಾವಿಬ್ಬರೂ ಒಟ್ಟಿಗೆ ಬೀದಿಗಿಳಿದರೆ ಎದುರುಮನೆಯ ಕಿಟಕಿಗೆ ಅವತ್ತಿನ ಮಟ್ಟಿಗೆ ಬೇರೆ ಮನರಂಜನೆ ಬೇಡ. ಹಾಗಾಗಿ ಅವಳ ಕತೆ ಹೇಳಲು ನನಗಿಂತ ದೊಡ್ಡ ಹಕ್ಕುದಾರರು ಯಾರೂ ಇಲ್ಲವೆಂದು ತಿಳಿದೇ ಶುರುಮಾಡಿದ್ದೇನೆ. ಅತ್ತಿಗೆ ನಾದಿನಿ ಎಂದರೆ ಎಣ್ಣೆ ಸೀಗೆಕಾಯಿ ಎಂದುಕೊಂಡು ಓದಲು ಕೂತವರಿಗೆ ಸ್ವಲ್ಪ ನಿರಾಸೆಯಾಗಬಹುದು. ನಮ್ಮಲ್ಲೂ ಜಗಳ ಆಗಿದೆ, ಬೇಕಾದಷ್ಟು. ಆದರೆ ಅವೆಲ್ಲ ನಮ್ಮ ಸ್ವಂತ ಜಗಳಗಳು, ಇನ್ನೊಬ್ಬರು ಹಚ್ಚಿಕೊಟ್ಟವಲ್ಲ.

ಅವಳನ್ನು ಎಲ್ಲರೂ ಕರೆಯುವುದು ಬಾಬಿನ್ ಎಂದು. ಹೊಲಿಗೆ ಮೆಷಿನ್ನಿನ ಅಡಿಯಲ್ಲಿ ದಾರ ಸುತ್ತಿಕೊಂಡು ಗಿರಗಿರ ತಿರುಗುತ್ತದಲ್ಲ, ಆ ಪುಟ್ಟ ಉರುಟು ಸಾಮಾನಿನ ಹೆಸರು. ಚಿಕ್ಕವಳಿದ್ದಾಗ ಅಪ್ಪನ ಅಂಗಡಿಯಲ್ಲಿ ಅವಳೂ ಹಾಗೇ ತಿರುಗುತ್ತಿದ್ದಳಂತೆ. ನನ್ನ ಮಾವನವರದು ಹೊಲಿಗೆ ಮೆಷಿನ್ ರಿಪೇರಿ ಅಂಗಡಿ, ಮನೆಯ ಮುಂಭಾಗದ ಕೋಣೆಯಲ್ಲೇ. ಅವರು ಹೋದ ಮೇಲೆ ಅಂಗಡಿ ನಮ್ಮ ಯಜಮಾನರಿಗೆ ಬಂತು, ಅವರ ತಂಗಿಗೆ ಬಂದದ್ದು ಒಂದು ಚರ್ಮದ ಚೀಲ. ಇದೆಂಥ ಹಂಚಿಕೆ ಎಂದು ನಾನು ಹೊಸ ಸೊಸೆಯಾಗಿದ್ದಾಗಲೇ ಬಾಯಿಬಿಟ್ಟು ಕೇಳಿ ಎಲ್ಲರ ಕೆಂಗಣ್ಣಿಗೆ ಗುರಿಯಾಗಿದ್ದೆ. ಬಾಬಿನ್ ಮಾತ್ರ ದೊಡ್ಡ ಪಾಲು ತನಗೇ ಸಿಕ್ಕಿತೆಂಬಂತೆ ಚೀಲಕ್ಕೆ ಎಣ್ಣೆ ಹಚ್ಚಿ ಒರೆಸುತ್ತಾ ಕೂತಿದ್ದಳು.

ಚೀಲದಲ್ಲಿ ಸ್ಕ್ರೂಡ್ರೈವರುಗಳು, ಎಣ್ಣೆ ಡಬ್ಬಿ, ಸೂಜಿ ಪೊಟ್ಟಣ, ಬೆಲ್ಟು, ಬಟ್ಟೆಯನ್ನು ಮುಂದೆ ತಳ್ಳುವ, ನಾವು ಹಲ್ಲು ಎಂದು ಕರೆಯುವ ಉಕ್ಕಿನ ತುಂಡು. ಇಷ್ಟನ್ನು ಹೊತ್ತುಕೊಂಡು ಅವಳು ಸುತ್ತು ಹೊರಡುತ್ತಾಳೆ. ಕೆಳಸುತ್ತು ಎಂದರೆ ಡಾಂಬರು ರಸ್ತೆಯ ಉದ್ದಕ್ಕೂ ಇರುವ ಟೈಲರ್ ಅಂಗಡಿಗಳು, ಸಮವಸ್ತ್ರ ಹೊಲಿಯುವ ಶೆಡ್ಡುಗಳು. ಮೇಲ್ಸುತ್ತು ಎಂದರೆ ಡಾಂಬರು ಮುಗಿದು, ಮಣ್ಣುದಾರಿ ಹತ್ತಿ, ಗುಡ್ಡದ ಬೆನ್ನಿನ ಮೇಲೆ ಅಲ್ಲೊಂದು ಇಲ್ಲೊಂದು ಸಿಗುವ ಮನೆಗಳು. ಅಲ್ಲಿನ ಹೆಂಗಸರು ಕೈಗವಸು ಹೊಲಿಯುತ್ತಾರೆ. ಅಲ್ಲಿ ಮೆಷಿನ್ ನಿಂತರೆ ಮನೆಯೇ ನಿಂತ ಹಾಗೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಬಾಬಿನ್ ಕೊಡುವ ಉತ್ತರ ಒಂದೇ: ಸುತ್ತು ಹೊಡೆಯುತ್ತಾ ಮರೆತುಹೋಯಿತು.

ಅವಳು ಮೆಷಿನ್ನಿನ ಮುಂದೆ ಕೂರುವ ರೀತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಚಿಕ್ಕಂದಿನಲ್ಲಿ ಅವಳಿಗೆ ಪೆಡಲ್ ಎಟುಕುತ್ತಿರಲಿಲ್ಲ. ನಮ್ಮ ಯಜಮಾನರು, ಆಗಿನ್ನೂ ಹುಡುಗ, ತಂಗಿಗೆ ಸಹಾಯ ಮಾಡಲು ಗರಗಸ ತಂದು ಕುರ್ಚಿಯ ಕಾಲು ಕುಯ್ಯಲು ಹೊರಟರಂತೆ. ಮಾವನವರು ಓಡಿಬಂದು ಗರಗಸ ಕಿತ್ತುಕೊಂಡರು. ಕುರ್ಚಿ ತಗ್ಗಿದರೆ ಕಾಲೇನೋ ಎಟುಕುತ್ತದೆ, ಆದರೆ ಮೆಷಿನ್ನಿನ ಹಲಗೆ ಗಂಟಲಿಗೆ ಬರುತ್ತದೆ, ಸೂಜಿ ಕಾಣುವುದೇ ಇಲ್ಲ ಎಂದು ಬೈದರು. ಆಮೇಲೆ ಬಾಬಿನ್ ತನ್ನ ದಾರಿ ತಾನೇ ನೋಡಿಕೊಂಡಳು. ಕುರ್ಚಿಯ ಅಂಚಿಗೆ ಜಾರಿ, ಅರ್ಧ ಸೊಂಟ ಕುರ್ಚಿಯ ಮೇಲೆ, ಅರ್ಧ ಗಾಳಿಯಲ್ಲಿ, ಒಂದೇ ಕಾಲಿನ ತುದಿಯಿಂದ ಪೆಡಲ್ ತುಳಿಯುವುದನ್ನು ರೂಢಿಸಿಕೊಂಡಳು. ಇವತ್ತಿಗೂ ಅವಳು ಕೂರುವುದು ಹಾಗೇ. ನೋಡಿದವರಿಗೆ ಈಗ ಬೀಳುತ್ತಾಳೆ ಅನಿಸುತ್ತದೆ. ಬಿದ್ದದ್ದನ್ನು ನಾನು ಕಂಡಿಲ್ಲ.

ಮೇಲಕ್ಕೆ ಮೊದಲು ಒಂದು ಬಸ್ಸಿತ್ತು. ಅದು ನಿಂತಿತು. ಯಾಕೆಂದು ಕೇಳಿದರೆ ಬಸ್ಸಿನವರು ರಸ್ತೆ ತೋರಿಸಿದರು, ರಸ್ತೆಯವರು ಆಕಾಶ ತೋರಿಸಿದರು. ಬಾಬಿನ್ ಮೊಪೆಡ್ಡಿನಲ್ಲಿ ಹೋಗಲು ಶುರುಮಾಡಿದಳು. ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸಿ ಆ ಬಡಪಾಯಿ ಮೊಪೆಡ್ಡಿನ ನಡು ಮುರಿಯಿತು. ಬೆಸುಗೆ ಹಾಕಿಸಿದಳು, ಮತ್ತೆ ಮುರಿಯಿತು. ಕೊನೆಗೆ ಬೆಸುಗೆಯವನೇ ಕೈಮುಗಿದ.

ನಮ್ಮ ಯಜಮಾನರು ಕಾಯುತ್ತಿದ್ದದ್ದು ಇದಕ್ಕೇ. ಮೇಲ್ಸುತ್ತು ಇನ್ನು ಸಾಕು, ಬೇಕಾದವರು ಮೆಷಿನ್ ಹೊತ್ತು ಕೆಳಗೆ ತರಲಿ, ನೀನು ಅಂಗಡಿಯ ಕೌಂಟರಿನಲ್ಲಿ ಕೂತುಕೋ ಎಂದು ತಂಗಿಗೆ ಹೇಳಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ತಂಗಿ ಗುಡ್ಡದಿಂದ ಬರುವುದು ತಡವಾದರೆ ಬಾಗಿಲಿಗೂ ಬೀದಿಗೂ ಓಡಾಡಿ ಚಪ್ಪಲಿ ಸವೆಸುವ ಮನುಷ್ಯ. ಆದರೆ ಅವರ ಪ್ರೀತಿಗೆ ಒಂದೇ ಒಂದು ದಾರಿ ಗೊತ್ತು: ಎಲ್ಲರನ್ನೂ ಕಣ್ಣೆದುರು ಕೂರಿಸಿಕೊಳ್ಳುವುದು. ನಾನು ಎಷ್ಟೋ ವರ್ಷದಿಂದ ಅವರ ಕಣ್ಣೆದುರೇ ಕೂತಿದ್ದೇನೆ, ನನಗೆ ಗೊತ್ತು. ಇನ್ನು ಬಾಬಿನ್ ಆ ಕೌಂಟರಿನ ಹಿಂದೆ ಕೂತರೆ ಗಿರಾಕಿಗಳಿಗೆ ಅವಳ ತಲೆಯೂ ಕಾಣುವುದಿಲ್ಲ.

ಅವಳು ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು:

"ಬೈಕ್ ತಗೋತೀನಿ, ಅಣ್ಣ. ಡಾಂಬರಿಗೂ ಆಗಬೇಕು, ಮಣ್ಣಿಗೂ ಆಗಬೇಕು, ಅಂಥದ್ದು."

ಯಜಮಾನರು ಮೊದಲು ನಕ್ಕರು, ಆಮೇಲೆ ಕೆಮ್ಮಿದರು. ಅಂಥ ಗಾಡಿಗಳು ಆರಡಿ ಗಂಡಸರಿಗೆ ಮಾಡಿದವು ಎಂದರು. ಮೇಲೆ ಹೋಗುವುದೆಂದರೆ ಇವಳು ಯಾವಾಗಲೂ ತುದಿಗಾಲಲ್ಲೇ ನಿಂತಿರುತ್ತಾಳೆ ಎಂದು ನನ್ನ ಕಡೆ ತಿರುಗಿ ದೂರಿದರು. ನಾನು ಸಾರು ಬಡಿಸಿದೆ. ದುಡ್ಡು ಅವಳದೇ ಆದ್ದರಿಂದ ಆ ವಿಷಯ ಅಲ್ಲಿಗೇ ಮುಗಿಯಿತು. ಉಳಿದದ್ದು ಗಾಡಿಯ ವಿಷಯ.

ಮೊದಲ ಅಂಗಡಿಗೆ ಅವಳನ್ನು ಅಣ್ಣನೇ ಕರೆದುಕೊಂಡು ಹೋದರು, ಸ್ಕೂಟರ್ ಕೊಡಿಸಲು. ಕೂತರೆ ಎರಡೂ ಪಾದ ನೆಲಕ್ಕೆ ಅಂಟಿಕೊಂಡಂತೆ ಕೂರುತ್ತಿದ್ದವಂತೆ. ಬಾಬಿನ್ ಸೀಟಿನಿಂದಿಳಿದು ಬಗ್ಗಿ, ಅಂಗೈ ಅಗಲಿಸಿ ಚಕ್ರದ ಮೇಲಿಟ್ಟು ನೋಡಿದಳು. ಈ ಚಕ್ರ ಮೇಲ್ದಾರಿಯ ಮೊದಲ ಗುಂಡಿಯಲ್ಲೇ ಮನೆ ಕಟ್ಟಿಕೊಂಡುಬಿಡುತ್ತದೆ ಎಂದು ಹೇಳಿ ಹೊರಗೆ ಬಂದಳು. ಅಣ್ಣ ಮುನಿಸಿಕೊಂಡು ಮುಂದಿನ ಅಂಗಡಿಗೆ ಬರಲಿಲ್ಲ. ಬದಲಿಗೆ ನಾನು ಹೋದೆ. ಹೋಗಲು ಕಾರಣ ನನ್ನ ಹಳೆಯ ಹಾಸಿಗೆ.

ಬಾಬಿನ್ ಗಾಡಿ ಆರಿಸಲು ತಾನೇ ಒಂದು ಪರೀಕ್ಷೆ ಕಂಡುಹಿಡಿದಿದ್ದಳು. ಮೇಲ್ದಾರಿಯಲ್ಲಿ ಎಂಥವರೂ ಬೀಳುತ್ತಾರೆ, ಅಲ್ಲಿ ಎತ್ತಿಕೊಡಲು ಯಾರೂ ಇರುವುದಿಲ್ಲ, ಆದ್ದರಿಂದ ಬಿದ್ದ ಗಾಡಿಯನ್ನು ತಾನೊಬ್ಬಳೇ ಎತ್ತಲಾದರೆ ಮಾತ್ರ ಅದು ತನ್ನದು. ಅಷ್ಟೇ ಅವಳ ಲೆಕ್ಕ. ಅದಕ್ಕೆ ಗಾಡಿಯನ್ನು ಮೊದಲು ಬೀಳಿಸಬೇಕಲ್ಲ. ಅಂಗಡಿಯವರ ಹೊಸ ಗಾಡಿಗೆ ಗೀರು ಬೀಳಬಾರದೆಂದು ನನ್ನ ಹಾಸಿಗೆ ಕೇಳಿದಳು. ಹಾಸಿಗೆ ನನ್ನದಾದ್ದರಿಂದ ಅದರ ಜೊತೆ ನಾನೂ ಆಟೋ ಹತ್ತಿದೆ.

ಸೇಲ್ಸ್‌ಮನ್ ನಮ್ಮನ್ನು ನೋಡಿದ, ಹಾಸಿಗೆ ನೋಡಿದ, ಬಾಗಿಲು ನೋಡಿದ. ಟೆಸ್ಟ್ ರೈಡ್ ಅಂದರೆ ಓಡಿಸಿ ನೋಡುವುದು ಎಂದು ಮೆಲ್ಲಗೆ ವಿವರಿಸಿದ.

"ಓಡಿಸೋದು ಆಮೇಲೆ," ಎಂದಳು ಬಾಬಿನ್. "ಮೊದಲು ಬೀಳಿಸ್ತೀನಿ."

ಆ ಅಂಗಡಿಯ ಮಧ್ಯದಲ್ಲಿ, ದೀಪಗಳ ಕೆಳಗೆ, ದೂರದೂರಕ್ಕೆ ಹೋಗುವವರ ಭಾರೀ ಗಾಡಿಯೊಂದಿತ್ತು. ಮುಂದೆ ಗಾಜು, ಎರಡೂ ಬದಿಗೆ ಪೆಟ್ಟಿಗೆ, ಡಾಂಬರಿಗೂ ಮಣ್ಣಿಗೂ ಇದೇ ರಾಜ ಎಂದ ಸೇಲ್ಸ್‌ಮನ್. ಅವನೂ ಇನ್ನೊಬ್ಬನೂ ಸೇರಿ ಅದನ್ನು ನನ್ನ ಹಾಸಿಗೆಯ ಮೇಲೆ ಮಲಗಿಸಿದರು. ಬಾಬಿನ್ ಅದಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಸೀಟಿನ ಕೆಳಗೆ ಹಾಕಿ, ಹಿಂದಕ್ಕೆ ಹೆಜ್ಜೆ ಊರುತ್ತಾ ತಳ್ಳಿದಳು. ಮುಖ ಕೆಂಪಾಯಿತು. ರಾಜ ಅಲುಗಲಿಲ್ಲ. ಎದ್ದು ಕೈ ಕೊಡವಿಕೊಂಡು, ಇದು ಗುಡ್ಡದಲ್ಲಿ ಬಿದ್ದರೆ ತಾನು ಇದರ ಜೊತೆ ಅಲ್ಲೇ ಸಂಸಾರ ಹೂಡಬೇಕಾಗುತ್ತದೆ ಎಂದಳು. ಇಷ್ಟು ವರ್ಷ ಮದುವೆ ಬೇಡವೆಂದವಳು ಇದಕ್ಕಾಗಿ ಮನಸ್ಸು ಬದಲಾಯಿಸಬೇಡ ಎಂದು ನಾನೂ ಹೇಳಿದೆ.

ಇನ್ನೊಂದು ಕಡೆ ಬರೀ ಮಣ್ಣಿನ ಗಾಡಿಯಿತ್ತು, ರೇಸಿನವರದು. ಹಗುರ. ಎತ್ತಿ ನಿಲ್ಲಿಸಿಯೂ ಬಿಟ್ಟಳು. ಅದರ ಟೈರಿಗೆ ಬಟನ್ ಟೈರ್ ಅನ್ನುತ್ತಾರಂತೆ, ಮೈತುಂಬ ಗುಂಡಿಗಳು. ಬಟನ್ ಎಂದರೆ ನಮ್ಮ ಕಸುಬಿಗೆ ಹತ್ತಿರದ್ದು ಎಂದು ನನಗೆ ಅದೇ ಇಷ್ಟವಾಯಿತು. ಆದರೆ ಅದರ ಸೀಟು ಹಲಗೆ, ಚೀಲ ಕಟ್ಟಲು ಜಾಗವಿಲ್ಲ, ರಸ್ತೆಗೆ ಬೇಕಾದ ದೀಪವೂ ಸರಿಯಾಗಿಲ್ಲ. ಅವಳ ಅರ್ಧ ಜೀವನ ಡಾಂಬರಿನ ಮೇಲೆ. ಶೆಡ್ಡಿನಿಂದ ಶೆಡ್ಡಿಗೆ ಹೋಗುವಷ್ಟರಲ್ಲಿ ಮೂಳೆಗಳೆಲ್ಲ ಕಳಚಿ ಬರುತ್ತವೆ ಎಂದು ಅದನ್ನೂ ಬಿಟ್ಟಳು. ಯಾವ ಅಂಗಡಿಗೆ ಹೋದರೂ ಯಾವುದಾದರೂ ಒಂದನ್ನು ಬಿಡಿ ಎನ್ನುತ್ತಿದ್ದರು, ಮಣ್ಣನ್ನೋ ಡಾಂಬರನ್ನೋ. ಅವಳು ಎರಡನ್ನೂ ಬಿಡಲು ತಯಾರಿರಲಿಲ್ಲ. ಯಾಕೆ ಬಿಡಬೇಕು?

ಕೊನೆಗೆ ಸಿಕ್ಕಿದ್ದು ಊರಾಚೆಯ ಒಂದು ಸಣ್ಣ ಅಂಗಡಿಯಲ್ಲಿ. ಡ್ಯುಯಲ್ ಸ್ಪೋರ್ಟ್, ಅಂದರೆ ಎರಡೂ ಥರದ ದಾರಿಗೆ ಆಗುವಂಥದ್ದು ಎಂದ ಅಲ್ಲಿನ ಸೇಲ್ಸ್‌ಮನ್. ಮುಂದಿನ ಚಕ್ರ ದೊಡ್ಡದು, ಹಿಂದೆ ಕಂಬಿಯ ಕ್ಯಾರಿಯರ್, ದೀಪ ಕನ್ನಡಿ ಎಲ್ಲ ಸರಿಯಾಗಿದೆ, ಹೊಟ್ಟೆ ನೆಲದಿಂದ ಬಹಳ ಮೇಲಿದೆ, ಟೈರು ಅತ್ತ ನುಣುಪೂ ಅಲ್ಲ, ಇತ್ತ ಬಟನ್ನೂ ಅಲ್ಲ. ಸೀಟು ಬಾಬಿನ್‌ಳ ಪಕ್ಕೆಲುಬಿಗೆ ಬರುತ್ತಿತ್ತು. ಅವನು ಅವಳನ್ನು ಮೇಲಿಂದ ಕೆಳಗೆ ಅಳೆದು, ಇದು ನಿಮ್ಮ ಸೈಜ್ ಅಲ್ಲ ಮೇಡಂ ಎಂದ.

"ಸೈಜ್ ನೋಡೋಕೆ ನಾನೇನು ಅಂಗಿ ಹೊಲಿಸ್ಕೊಳ್ತಿದ್ದೀನಾ?" ಎಂದಳು.

ಹಾಸಿಗೆ ಹಾಸಿದೆವು. ಗಾಡಿ ಮಲಗಿತು. ಬಾಬಿನ್ ಬೆನ್ನು ಕೊಟ್ಟಳು, ಹೆಜ್ಜೆ ಊರಿದಳು, ಗಾಡಿ ಎದ್ದು ನಿಂತಿತು. ಇನ್ನೊಮ್ಮೆ ಮಲಗಿಸಿ ಎತ್ತಿದಳು, ಮೊದಲನೆಯದು ಅದೃಷ್ಟವಾಗಿರಬಾರದೆಂದು. ಆಮೇಲೆ ಹತ್ತಿದಳು. ಎರಡೂ ಕಾಲು ಗಾಳಿಯಲ್ಲಿ ತೇಲಿದವು. ಆಗ ಅವಳು ಸೀಟಿನ ಅಂಚಿಗೆ ಜಾರಿದಳು. ಅರ್ಧ ಸೊಂಟ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ, ಎಡಗಾಲಿನ ತುದಿ ನೆಲಕ್ಕೆ ತಾಗಿತು. ನಾನು ಎಷ್ಟೋ ವರ್ಷದಿಂದ ನೋಡುತ್ತಾ ಬಂದ ಅದೇ ಕೂರುವಿಕೆ. ಈಗ ಬೀಳುತ್ತಾರೆ ಎಂದು ಸೇಲ್ಸ್‌ಮನ್ ಎರಡೂ ಕೈ ಚಾಚಿದ. ಬೀಳುವುದಿಲ್ಲ, ಕೈ ಕೆಳಗಿಳಿಸಿ ಎಂದು ನಾನೇ ಅವನಿಗೆ ಹೇಳಿದೆ.

ರಸ್ತೆಯ ಮೇಲೆ ಒಂದು ಸುತ್ತು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ಸುರಿದಿದ್ದ ಮಣ್ಣಿನ ಗುಡ್ಡೆಗಳ ಮೇಲೆ ಹತ್ತಿಳಿದು ಬಂದಳು. ಮಣ್ಣಲ್ಲಿ ಕಾಲಿಡುವ ಕಂಬಿಗಳ ಮೇಲೆ ಎದ್ದು ನಿಂತೇ ಓಡಿಸಿದಳು. ಇಳಿದು ಬಂದಾಗ ಅವಳ ಮುಖ ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

"ಮಣ್ಣಲ್ಲಿ ಓಡಿಸೋದು ನಿಂತ್ಕೊಂಡು, ಅತ್ತಿಗೆ," ಎಂದಳು. "ಕಾಲು ಎಟುಕಲ್ಲ ಅನ್ನೋ ಚಿಂತೆ ಕೂತಿರೋರಿಗೆ ಮಾತ್ರ."

ಹಿಂದಿನ ಶಾಕ್ ಅಬ್ಸಾರ್ಬರಿಗೆ ಸೇರುವ ಲಿಂಕ್ ಪಟ್ಟಿ ಬದಲಾಯಿಸಿದರೆ ಗಾಡಿಯನ್ನು ತಗ್ಗಿಸಬಹುದು ಎಂದು ಸೇಲ್ಸ್‌ಮನ್ ಹೇಳಿದ. ಬೇಡವೆಂದಳು. ಕೂರುವವಳಿಗೆ ಹಿತ, ಆದರೆ ಗಾಡಿಯ ಹೊಟ್ಟೆ ಕಲ್ಲಿಗೆ ಬಡಿಯುತ್ತದೆ, ಎತ್ತರಕ್ಕಾಗಿ ತಾನೇ ಇದನ್ನು ತೆಗೆದುಕೊಳ್ಳುತ್ತಿರುವುದು ಎಂದಳು.

ಅದನ್ನೇ ಬುಕ್ ಮಾಡಿದ್ದನ್ನು ಮನೆಗೆ ಬಂದು ಹೇಳಿದಾಗ ಯಜಮಾನರು ಕೂಗಾಡಲಿಲ್ಲ. ನಮ್ಮ ಅಂಗಡಿಗೆ ಹೋಗಿ ಚರ್ಮದ ಚೀಲ ತಂದು, ಮರದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಚೀಲ ನಿನ್ನದಿರಬಹುದು, ಅದರೊಳಗಿನ ಬಿಡಿಭಾಗಗಳು ಅಂಗಡಿಯವು ಎಂದರು. ಆಮೇಲೆ ಷರತ್ತು ಹಾಕಿದರು.

"ನಾನು ಬೇಡ ಅನ್ನಲ್ಲ. ಗಾಡಿ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗಿದ ದಿನ ಚೀಲ ನಾನೇ ಕೈಗೆ ಕೊಡ್ತೀನಿ. ಇಲ್ಲ ಅಂದ್ರೆ ಕೌಂಟರು."

ಅದೇ ವಾರ ಗುಡ್ಡದ ಮೇಲಿನ ಕೊನೆಯ ಮನೆಯಿಂದ ಹಾಲಿನ ಗಾಡಿಯವನ ಮೂಲಕ ಮಾತು ಬಂತು. ಆ ಮನೆಯಾಕೆಯನ್ನು ನಾವೆಲ್ಲ ಗವಸಿನಕ್ಕ ಎನ್ನುತ್ತೇವೆ. ಮೆಷಿನ್ನಿನ ಹಲ್ಲು ಮುರಿದು ಕೆಲಸ ನಿಂತಿದೆ, ಬರುವವರಾದರೆ ಬನ್ನಿ, ಬರುವುದಿಲ್ಲವಾದರೆ ಅದನ್ನಾದರೂ ಹೇಳಿ ಎಂದಿದ್ದಳು. ಬರುತ್ತೇನೆ ಎಂದು ಬಾಬಿನ್ ಹೇಳಿಕಳಿಸಿದಳು.

ಗಾಡಿ ಬಂದ ಬೆಳಿಗ್ಗೆ ಬೀದಿಯವರೆಲ್ಲ ಬಾಗಿಲಲ್ಲಿದ್ದರು. ತಂದುಕೊಟ್ಟವನು ಕೀಲಿ ಕೊಟ್ಟು ಹೋದ. ಬಾಬಿನ್ ಹತ್ತಿ ಕೂತು, ರೂಢಿಯಂತೆ ಅಂಚಿಗೆ ಜಾರಲು ಹೋದಳು. ಜಾರುವ ಅಗತ್ಯವೇ ಬರಲಿಲ್ಲ. ಎರಡೂ ಪಾದ ನೆಲದ ಮೇಲಿದ್ದವು, ಹಿಮ್ಮಡಿಯ ಸಮೇತ. ತನ್ನ ಕಾಲು ಬೆಳೆಯಿತೋ, ಗಾಡಿ ಕುಗ್ಗಿತೋ ಎಂದು ಅಣ್ಣನನ್ನು ಕೇಳಿದಳು. ಗಾಡಿ ಅಂಗಡಿಯವರು ಏನೋ ಸರಿಮಾಡಿರಬೇಕು ಎಂದು ಯಜಮಾನರು ಗೋಡೆಗೆ ಉತ್ತರ ಕೊಟ್ಟರು. ಮುಖದಲ್ಲಿ ಮಾತ್ರ ಹಬ್ಬ. ಕೊಟ್ಟ ಮಾತಿನಂತೆ ಕಪಾಟು ತೆಗೆದು ಚೀಲ ತಂದು, ತಾವೇ ಕ್ಯಾರಿಯರಿಗೆ ಬಿಗಿದು ಕಟ್ಟಿದರು. ಗವಸಿನಕ್ಕ ಕಾಯುತ್ತಿದ್ದಳು. ಬಾಬಿನ್ ಹೊರಟಳು.

ಮಧ್ಯಾಹ್ನಕ್ಕೆ ಮುಂಚೆಯೇ ಹಿಂದಿರುಗಿದಳು. ಮೇಲಿನ ಮನೆ ತಲುಪಿರಲಿಲ್ಲ. ಮಣ್ಣುದಾರಿಯ ಅಡ್ಡಕ್ಕೆ ಒಂದು ಬಂಡೆಯ ಮೆಟ್ಟಿಲಿದೆ. ಅದನ್ನು ಹತ್ತುವಾಗ ಗಾಡಿಯ ಹೊಟ್ಟೆ ಕಲ್ಲಿಗೆ ಬಡಿದು ಸಿಕ್ಕಿಕೊಂಡಿತಂತೆ, ಅವಳು ಪಕ್ಕಕ್ಕೆ ಉರುಳಿದಳಂತೆ. ಮೊಣಕೈ ತರಚಿತ್ತು, ಇಂಜಿನ್ನಿನ ಕೆಳಗಿನ ತಗಡು ನೆಗ್ಗಿತ್ತು, ಹೆಲ್ಮೆಟ್ಟಿನೊಳಗೂ ಕೆಂಪು ಮಣ್ಣು. ಗಾಡಿಯನ್ನು ತಾನೇ ಎತ್ತಿಕೊಂಡು ಬಂದಿದ್ದಳು. ನಾನು ಮೊಣಕೈ ತೊಳೆದು ಔಷಧಿ ಹಚ್ಚುತ್ತಿದ್ದಾಗ ಯಜಮಾನರು ಚೀಲ ಬಿಚ್ಚಿ ಒಳಗೆ ಒಯ್ದು ಮತ್ತೆ ಬೀಗ ಹಾಕಿದರು. ನಾನು ಹೇಳಿರಲಿಲ್ಲವೇ ಎಂದರು. ಕಾಲು ಎಟುಕಿದಾಗಲೇ ಹೀಗೆ, ಎಟುಕದಿದ್ದರೆ ಏನು ಗತಿ ಎಂದರು.

ಬಾಬಿನ್ ಎದ್ದು ನೇರ ನಮ್ಮ ಅಂಗಡಿಗೆ ಹೋದಳು. ಅಲ್ಲಿ ಒಂದು ಆಳವಾದ ಡ್ರಾಯರ್ ಇದೆ. ನಮ್ಮ ಯಜಮಾನರು ಹಳೆಯ ಸ್ಕ್ರೂ ಒಂದನ್ನೂ ಬಿಸಾಡಿದವರಲ್ಲ, ಯಾವ ಯಂತ್ರದಿಂದ ಏನು ಬಿಚ್ಚಿದರೂ ಅದು ಆ ಡ್ರಾಯರಿಗೆ ಬೀಳಲೇಬೇಕು. ಕೈಕೆಲಸದವರ ಚಾಳಿ, ಸುಳ್ಳು ಹೇಳುವಾಗಲೂ ಬಿಡುವುದಿಲ್ಲ. ಅವಳು ಕೈಹಾಕಿ ಎರಡು ಹೊಸ ಲೋಹದ ಪಟ್ಟಿಗಳನ್ನು ಹೊರತೆಗೆದಳು. ಹೊಲಿಗೆ ಮೆಷಿನ್ನಿನಲ್ಲಿ ಅಷ್ಟು ದಪ್ಪದ ಪಟ್ಟಿ ಎಲ್ಲಿಯೂ ಇಲ್ಲ ಎಂಬುದು ನನಗೇ ಗೊತ್ತಾಯಿತು.

"ಅಣ್ಣ, ಇದು ಯಾವ ಮೆಷಿನ್ ಪಾರ್ಟು?"

ಯಜಮಾನರು ತಲೆ ತಗ್ಗಿಸಿದರು. ಗಾಡಿ ಬರುವ ಹಿಂದಿನ ದಿನ ಗಾಡಿ ಅಂಗಡಿಗೆ ಹೋಗಿ ತಾವೇ ಮುಂದೆ ನಿಂತು ಲಿಂಕ್ ಬದಲಾಯಿಸಿ ತಗ್ಗಿಸಿದ್ದನ್ನು ಒಪ್ಪಿಕೊಂಡರು. ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಎಂದರು. ಅದು ನಿಜವೂ ಹೌದು, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

"ಚಿಕ್ಕಂದಿನಲ್ಲಿ ನನ್ನ ಕುರ್ಚಿ ಕುಯ್ಯೋಕೆ ಬಂದೆ," ಎಂದಳು ಬಾಬಿನ್. ದನಿ ಏರಿರಲಿಲ್ಲ. "ಈಗ ಗಾಡಿ ಕುಯ್ದೆ. ಆವತ್ತು ತಡೆಯೋಕೆ ಅಪ್ಪ ಇದ್ರು. ಇವತ್ತು ನಾನಿದ್ದೀನಿ."

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಮರದ ಪೆಟ್ಟಿಗೆಯೊಂದನ್ನು ಗಾಡಿಯ ಹೊಟ್ಟೆಗೆ ಕೊಟ್ಟು, ಹಿಂದಿನ ಚಕ್ರ ಮೇಲೆತ್ತಿ, ಅವಳೇ ಡ್ರಾಯರಿನಲ್ಲಿ ಸಿಕ್ಕ ಮೊದಲಿನ ಪಟ್ಟಿಗಳನ್ನು ಕೂರಿಸಿದಳು. ಮೊಣಕೈಗೆ ಬ್ಯಾಂಡೇಜ್ ಕಟ್ಟಿಕೊಂಡೇ ಬೋಲ್ಟು ತಿರುಗಿಸುತ್ತಿದ್ದಳು. ನಾನು ಪಾತ್ರೆ ತೊಳೆಯುತ್ತಾ ಕಿಟಕಿಯಿಂದ ನೋಡಿದೆ. ಪೆಟ್ಟಿಗೆ ಎಳೆದಾಗ ಗಾಡಿ ಮತ್ತೆ ತನ್ನ ಎತ್ತರಕ್ಕೆ ನಿಂತಿತು. ಅದನ್ನು ಬೀದಿಗೆ ತಂದು, ಹೆಲ್ಮೆಟ್ ಹಾಕಿ, ಹತ್ತಿ, ಅಂಚಿಗೆ ಜಾರಿ, ತುದಿಗಾಲು ಊರಿ, ಅಂಗಡಿಯ ಬಾಗಿಲ ಕಡೆ ಕೈಚಾಚಿದಳು. ಚೀಲ ಕೊಡು ಎಂದಳು.

ಯಜಮಾನರು ಕಪಾಟಿನಿಂದ ತೆಗೆದ ಚೀಲವನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತರು. ಎದುರುಮನೆಯ ಕಿಟಕಿ ತೆರೆಯಿತು. ಹೊಲಿಸಲು ಕೊಟ್ಟ ಬಟ್ಟೆ ಕೇಳಲು ಬಂದಂತೆ ಇಬ್ಬರು ಮೂವರು ಬಂದು ನಿಂತರು, ನಮ್ಮಲ್ಲಿ ಬಟ್ಟೆ ಹೊಲಿಯುವುದೇ ಇಲ್ಲ. ಯಜಮಾನರ ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು. ಷರತ್ತು ಷರತ್ತೇ ಎಂದರು. ಎರಡೂ ಪಾದ ಎಂದರು. ಅವಳ ತುದಿಗಾಲನ್ನು ಬೆರಳು ಮಾಡಿ ಬೀದಿಗೆಲ್ಲ ತೋರಿಸಿದರು.

"ಟೆನ್ಶನ್ ಜಾಸ್ತಿ ಆದ್ರೆ ದಾರ ಹರಿಯುತ್ತೆ ಅಂತ ನೀನೇ ಹೇಳಿಕೊಟ್ಟಿದ್ದು, ಅಣ್ಣ," ಎಂದಳು ಬಾಬಿನ್. "ಸ್ವಲ್ಪ ಸಡಿಲ ಮಾಡು."

ಅವರು ಮಾಡಲಿಲ್ಲ. ಅವಳು ಕೈ ಹಿಂತೆಗೆಯಲಿಲ್ಲ. ಆ ಒಂಟಿಕಾಲು ನಡುಗಲು ಶುರುವಾದದ್ದು ನನಗೆ ಒಳಗಿನಿಂದಲೇ ಕಂಡಿತು. ಚೀಲವಿಲ್ಲದೆ ಹೋಗಿ ಏನೂ ಪ್ರಯೋಜನವಿಲ್ಲ. ಆ ಕಾಲು ಸೋತರೆ ನಾಳೆಯಿಂದ ಕೌಂಟರು. ಕೌಂಟರಿನ ಹಿಂದೆ ಕೂತು ಗೋಡೆ ನೋಡುವುದು ಹೇಗಿರುತ್ತದೆಂದು ಈ ಮನೆಯಲ್ಲಿ ನನ್ನನ್ನು ಕೇಳಬೇಕು.

ನಾನು ಕೈ ಒರೆಸಿಕೊಂಡೆ. ಒಲೆ ಆರಿಸಿದೆ. ಅಡುಗೆಮನೆಯ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಬಂದು, ಗಟ್ಟಿಯಾಗಿ ಹಿಡ್ಕೋ ಎಂದು ಬಾಬಿನ್‌ಗೆ ಹೇಳಿ, ಅವಳ ಭುಜ ಹಿಡಿದು, ಕಂಬಿಯ ಮೇಲೆ ಕಾಲಿಟ್ಟು, ಹಿಂದಿನ ಸೀಟಿನ ಮೇಲೆ ಕೂತೆ. ಗಾಡಿ ಒಂದು ನಿಟ್ಟುಸಿರು ಬಿಟ್ಟು ಕೆಳಗೆ ಇಳಿಯಿತು, ಇನ್ನೂ ಇಳಿಯಿತು. ಎದುರುಮನೆಯ ಕಿಟಕಿಯಲ್ಲಿ ಯಾರೋ ನಕ್ಕರು. ನಗಲಿ. ನನ್ನ ತೂಕ ಇಷ್ಟು ವರ್ಷ ಎಲ್ಲರ ಬಾಯಿಗೆ ಆಹಾರವಾಗಿತ್ತು, ಅದಕ್ಕೊಂದು ಕೆಲಸ ಸಿಕ್ಕಿದ್ದು ಅವತ್ತೇ ಮೊದಲು.

"ನೋಡ್ಕೊಳ್ಳಿ," ಎಂದೆ. "ಎರಡೂ ಪಾದ."

ಯಜಮಾನರು ಬಗ್ಗಿ ನೋಡಿದರು. ಬಾಬಿನ್‌ಳ ಎರಡೂ ಪಾದ ನೆಲದ ಮೇಲಿದ್ದವು. ಬೀದಿಯೆಲ್ಲ ಬಗ್ಗಿ ನೋಡಿತು. ಕೊಟ್ಟ ಮಾತು ತಪ್ಪುವ ಮನುಷ್ಯರಲ್ಲ, ಅದೊಂದು ಒಳ್ಳೆಯ ಗುಣ ಅವರಲ್ಲಿ ಇದ್ದೇ ಇದೆ. ಮೆಲ್ಲಗೆ ಬಂದು ಚೀಲವನ್ನು ನನ್ನ ತೊಡೆಯ ಮೇಲಿಟ್ಟರು.

"ಸರಿ, ತೋರಿಸಿದ್ದಾಯ್ತಲ್ಲ. ಇಳಿ," ಎಂದರು ನನಗೆ.

"ನಾನಿಳಿದ್ರೆ ಅವಳ ಕಾಲು ಎಟುಕಲ್ಲ," ಎಂದೆ. "ಷರತ್ತು ನಿಮ್ಮದೇ."

ಹಾಗಾದರೆ ಊಟ ಎಂದರು ಅವರು, ಇಷ್ಟು ಸಣ್ಣ ದನಿಯಲ್ಲಿ.

"ಒಲೆ ನಿಮಗೆ ಎಟುಕುತ್ತೆ ರೀ," ಎಂದೆ. ಬಾಬಿನ್ ಗಾಡಿ ಹೊರಡಿಸಿದಳು.

ಗವಸಿನಕ್ಕನ ಮೆಷಿನ್ ಅವತ್ತೇ ಓಡಿತು. ಬಾಬಿನ್ ಕೈಹಾಕಿದರೆ ಓಡದೆ ಏನು ಮಾಡುತ್ತದೆ, ಅದನ್ನು ಹೇಳಲು ಇಷ್ಟುದ್ದ ಬರೆಯಬೇಕಿರಲಿಲ್ಲ. ಹೇಳಬೇಕಾದದ್ದು ಬಂಡೆಯ ವಿಷಯ. ಡಾಂಬರಿನ ಮೇಲೆ ಗಾಳಿ ಸೀಳಿಕೊಂಡು ಹೋದೆವು, ನನಗೆ ಹೆದರಿಕೆಯೂ ಆಯಿತು, ನಗುವೂ ಬಂತು. ಮಣ್ಣುದಾರಿ ಹತ್ತಿ ಆ ಬಂಡೆಯ ಮೆಟ್ಟಿಲಿನ ಮುಂದೆ ಅವಳು ಗಾಡಿ ನಿಲ್ಲಿಸಿದಳು. ನನ್ನ ಭಾರಕ್ಕೆ ಗಾಡಿಯ ಹೊಟ್ಟೆ ಮತ್ತೆ ಕಲ್ಲಿಗೆ ಬಡಿಯುತ್ತದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ನನಗೂ ಅಷ್ಟು ತಿಳಿಯುತ್ತದೆ. ನಾನು ಇಳಿದೆ, ಚೀಲ ಹೆಗಲಿಗೆ ಹಾಕಿಕೊಂಡೆ.

ಅವಳು ಕಂಬಿಗಳ ಮೇಲೆ ಎದ್ದು ನಿಂತಳು. ಗಾಡಿ ತನ್ನ ಪೂರ್ತಿ ಎತ್ತರಕ್ಕೆ ಏರಿ, ಬಂಡೆಯನ್ನು ಮುಟ್ಟದೆ ದಾಟಿ ಹೋಯಿತು. ನಾನು ಕೈಯೂರಿ, ಏದುಸಿರು ಬಿಡುತ್ತಾ, ಅಡುಗೆಮನೆಯ ಚಪ್ಪಲಿಗೆ ಬೈಯುತ್ತಾ ಆ ಬಂಡೆ ಹತ್ತಿದೆ. ನನ್ನನ್ನು ಎತ್ತಲು ಯಾರೂ ಬರಬೇಕಾಗಲಿಲ್ಲ. ಆಚೆ ಬದಿಯಲ್ಲಿ ಬಾಬಿನ್ ಅರ್ಧ ಸೊಂಟ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ, ನನಗಾಗಿ ತುದಿಗಾಲಲ್ಲಿ ನಿಂತು ಕಾಯುತ್ತಿದ್ದಳು.